ಲೀಲಾ ಎಲ್ಲಿ ಎಂದು ಕೇಳಿ ಮೈಕ್‌ಸೆಟ್ ಬಿಚ್ಚಿಕೊಂಡು ಹೋದ ಸೀತಾರಾಮಪ್ಪನವರಿಗೆ

ಗೆ: ಶ್ರೀ ಸೀತಾರಾಮಪ್ಪನವರು, ಮಾಲೀಕರು, ಸಪ್ತಧ್ವನಿ ಸೌಂಡ್ಸ್, ಹೊಸನಗರ.

ಇಂದ: ಪ್ರತಿಮಾ, ಜೆರಾಕ್ಸ್ ಮತ್ತು ಟೈಪಿಂಗ್, ತಾಲ್ಲೂಕು ಕಚೇರಿ ಎದುರು, ಹೊಸನಗರ.

ವಿಷಯ: ಮೊದಲು ಎಕೋ ತೆಗೆಯುವಂತೆ ಕೋರಿದ್ದನ್ನು ಹಿಂಪಡೆದು, ಈಗ ಬಾಯಿಬಿಟ್ಟು ಒಂದು ಮಾತು ಹೇಳುವಂತೆ ಕೋರಿ.

ಮಾನ್ಯರೇ,

ಮದುವೆಯಿಂದ ಹಿಡಿದು ಚುನಾವಣಾ ಪ್ರಚಾರದವರೆಗೆ ಯಾವ ಸಂದರ್ಭಕ್ಕೂ ಭೇದ ಮಾಡದೆ ಒಂದೇ ಗಾಂಭೀರ್ಯದಿಂದ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಹರಸುತ್ತ ಬಂದಿರುವ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತನ್ನು ಮುಂದಿನ ಬಸ್ಸು ಬರುವ ತನಕ ಗಾಳಿಯಲ್ಲಿ ಕೆಡದಂತೆ ಉಳಿಸಿಕೊಡಬಲ್ಲ ತಮ್ಮ ಪಾದಗಳಿಗೆ, ಪಾದಗಳಿಗಿಂತ ಮುಖ್ಯವಾಗಿ ತಮ್ಮ ಎರಡೂ ಕಿವಿಗಳಿಗೆ, ಈ ಅಭಿಮಾನಿಯ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಮನೆಯವರಾದ ದುರ್ಗಮ್ಮನವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ಅದಕ್ಕೆ ಕಾರಣರು ತಾವು. ಆದರೂ ಎಲ್ಲವನ್ನೂ ಕ್ರಮವಾಗಿಯೇ ನಿವೇದಿಸುತ್ತೇನೆ.

ತಾಲ್ಲೂಕು ಕಚೇರಿಯ ಎದುರು ಕೂತು ಊರವರ ದೂರುಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸವೆಂಬುದು ತಮಗೆ ತಿಳಿದದ್ದೇ. ಚರಂಡಿ, ಖಾತೆ ಬದಲಾವಣೆ, ಮಂಗನ ಕಾಟ, ಪಕ್ಕದ ಮನೆಯಿಂದ ನಮ್ಮ ಅಂಗಳಕ್ಕೆ ಬಗ್ಗಿದ ಹಲಸಿನ ಕೊಂಬೆ, ಯಾರ ಯಾವ ಸಿಟ್ಟನ್ನು ತಂದುಕೊಟ್ಟರೂ ನಾನದನ್ನು 'ಸವಿನಯ ಅರಿಕೆ'ಯಾಗಿ ಮಾಡಿ ಕೈಗೆ ಕೊಡುತ್ತೇನೆ. ಸ್ವಂತ ಸಿಟ್ಟನ್ನು ಟೈಪ್ ಮಾಡುತ್ತಿರುವುದು ಇದೇ ಮೊದಲಾದ್ದರಿಂದ ಅಲ್ಲಲ್ಲಿ ವಿನಯ ಕಡಿಮೆ ಬಿದ್ದಿದ್ದರೆ ಮನ್ನಿಸಬೇಕು. ಈ ಪತ್ರವನ್ನು ನನ್ನ ಅಂಗಡಿಯ ಬಾಗಿಲಿಗೆ ಅಂಟಿಸಲು ಒಪ್ಪಿಗೆ ಕೇಳಿದಾಗ ತಾವು, "ಬರಿ ಮಾರಾಯ್ತಿ, ಕಿವಿ ವಿಷಯಾನೂ ಬರಿ. ಮುಚ್ಚಿಡಕ್ಕೆ ಅದೆಂತ ಕಾಡಿಂದ ಕದ್ದ ನಾಟವಾ?" ಎಂದು ಅಪ್ಪಣೆ ಕೊಟ್ಟಿದ್ದೀರಿ. ಆ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

ಬಾಗಿಲ ಮುಂದೆ ನಿಂತು ಇದನ್ನು ಓದುತ್ತಿರುವ ಇತರರಿಗಾಗಿ, ಪವರ್ ಪಾಪ್ ಎಂದರೇನೆಂದು ಎರಡು ಮಾತು ಹೇಳಬೇಕಾಗಿದೆ. ನಮ್ಮ ಹುಡುಗರ ಮೊದಲ ಪೋಸ್ಟರನ್ನು ನನ್ನ ಅಂಗಡಿಯ ಗಾಜಿಗೆ ಅಂಟಿಸಿದ ದಿನ ಒಬ್ಬರು ಬಂದು ತಮ್ಮ ಪಂಪ್‌ಸೆಟ್ಟಿನ ಕರೆಂಟಿನ ಅರ್ಜಿಯನ್ನು ಇಲ್ಲೇ ಕೊಡಬಹುದೇ ಎಂದು ಕೇಳಿದರು. ಮತ್ತೊಬ್ಬರು, ಪವರ್ ಇದ್ದವರು ಮಾಡಿದ ಪಾಪದ ಬಗ್ಗೆ ಯಾರೋ ಸ್ವಾಮಿಗಳ ಪ್ರವಚನವಿರಬೇಕೆಂದು ತಿಳಿದು ಸಮಯ ಬರೆದುಕೊಂಡು ಹೋದರು. ಎರಡೂ ಅಲ್ಲ. ಮನಸ್ಸು ಮುರಿದ ಸಂಗತಿಯನ್ನು ಮನೆಗೆ ಬೇಕಾದ ನೆಂಟರು ಬಂದಷ್ಟು ಖುಷಿಯ ಧಾಟಿಯಲ್ಲಿ, ಗಿಟಾರು ಜೋರಾಗಿ ಬಾರಿಸಿಕೊಂಡು, ಎರಡು ಮೂರು ಜನ ದನಿಗೆ ದನಿ ಸೇರಿಸಿ, ಲೋಟದ ಚಹಾ ಆರುವುದರೊಳಗೆ ಹಾಡಿ ಮುಗಿಸುವುದೇ ಪವರ್ ಪಾಪ್. ಅಳುವವರಿಗೆ ಅಳಲು ಬಿಡುವಿಲ್ಲ, ಕುಣಿಯುವವರಿಗೆ ಯಾಕೆ ಕುಣಿಯುತ್ತಿದ್ದೇವೆಂದು ಗೊತ್ತಿಲ್ಲ. ಇಷ್ಟು ನ್ಯಾಯವಾದ ಸಂಗೀತವನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂಥ ತಂಡಗಳು ತಾಲ್ಲೂಕಿಗೊಂದರಂತೆ, ಸರ್ಕಾರಿ ಕಾಲೇಜುಗಳ ಹಾಗೆ, ಹಂಚಿಕೆಯಾಗಿವೆ. ನಮ್ಮ ಹೊಸನಗರ ತಾಲ್ಲೂಕಿಗೆ ನಿಟ್ಟೂರಿನ 'ಸಿಂಗಲ್ ಫೇಸ್'. ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಟ್ಯಾಂಕಿನ ಮೇಲೆ ಹತ್ತಿದವನು ಕೆಳಗಿಳಿಯುವುದರೊಳಗೆ ಅವಳ ಮದುವೆ ಗೊತ್ತಾಗಿಬಿಟ್ಟ 'ಒಂದೇ ಕಡ್ಡಿ' ಎಂಬ ಅವರ ಹಾಡನ್ನು ಕೇಳಿದ ಮೇಲೆ ನನಗೆ ನೀರಿನ ಟ್ಯಾಂಕುಗಳನ್ನು ಹಿಂದಿನ ದೃಷ್ಟಿಯಿಂದ ನೋಡಲಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿಗೆ ಮೇಳಿಗೆಯ ಹುಡುಗಿಯರ 'ತೊಡೆದೇವು'. ಕಬ್ಬಿನ ಹಾಲಿನ ಆ ತಿಂಡಿಯ ಹೆಸರಿಗೆ ತಕ್ಕಂತೆ ತೆಳ್ಳಗೆ, ಸಿಹಿಯಾಗಿ, ಮುಟ್ಟಿದರೆ ಮುರಿಯುವಂಥ ಹಾಡುಗಳು. ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಮುಗಿದು ಮುಂದಿನದು ಶುರುವಾಗಿರುತ್ತದೆ. ಸಾಗರಕ್ಕೆ 'ಕೋರಿಕೆ ನಿಲುಗಡೆ'. ಅದರ ಹಾಡುಗಾರ್ತಿ ವಂದನಾಳ ಮೂಲಕವೇ ನನಗೆ ಈ ಹುಚ್ಚು ಹತ್ತಿದ್ದು.

ವಂದನಾ ದಿನವೂ ಸಾಗರದಿಂದ ಬಸ್ಸಿನಲ್ಲಿ ಬಂದು ನಮ್ಮೂರ ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡಿ ಹೋಗುವ ಅತಿಥಿ ಉಪನ್ಯಾಸಕಿ. ಒಂದು ಮಧ್ಯಾಹ್ನ 'ಕೋರಿಕೆ ನಿಲುಗಡೆ' ಎಂದು ದೊಡ್ಡದಾಗಿ ಬರೆದ ಹಾಳೆಯೊಂದನ್ನು ತಂದು ಜೆರಾಕ್ಸ್ ಮಾಡಿಕೊಡಿ ಎಂದಳು. ನಾನು ಅಭ್ಯಾಸಬಲದಿಂದ, "ಬಸ್ ನಿಲ್ಸಲ್ಲ ಅಂತ ಹೋರಾಟವಾ? ಮನವಿನೂ ಟೈಪ್ ಮಾಡ್ಕೊಡ್ಲಾ?" ಎಂದೆ. "ಹೋರಾಟ ಅಲ್ಲ ಅಕ್ಕಾ, ಬ್ಯಾಂಡು. ಕೇಳ್ತೀರಾ?" ಎಂದು ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದಳು. "ಬರ್ತೀನಿ ಅಂದಿದ್ದೆ, ಬಸ್ಸು ಬಂತು, ನೀ ಬರಲಿಲ್ಲ" ಎಂಬ ಆ ಹಾಡು ಮುಗಿಯುವ ಹೊತ್ತಿಗೆ ಜೆರಾಕ್ಸ್ ಯಂತ್ರದ ಎದುರು ನಿಂತಿದ್ದ ಒಬ್ಬ ಸದ್ಗೃಹಸ್ಥರ ಪಹಣಿಯ ಪ್ರತಿಗಳು ಅವರ ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು ಹೊರಬಿದ್ದಿದ್ದವು. ನಾನು ಯಂತ್ರ ನಿಲ್ಲಿಸುವುದನ್ನೇ ಮರೆತಿದ್ದೆ. ಅಂದಿನಿಂದ ನಾನು ಅವರ ಅಭಿಮಾನಿ ಸಂಘದ ಅಧ್ಯಕ್ಷೆ. ಸದಸ್ಯರಿಗಾಗಿ ಪ್ರಯತ್ನ ಜಾರಿಯಲ್ಲಿದೆ.

ಈಗ ತಮ್ಮ ಪ್ರವೇಶ. ಸಾಗರದಲ್ಲಿ ಮೊದಲ ಕಾರ್ಯಕ್ರಮ ನಿಗದಿಯಾದಾಗ ಉಳಿದ ಮೈಕ್‌ಸೆಟ್ಟಿನವರೆಲ್ಲ ಮದುವೆ ಬಿಟ್ಟು ಬರುವುದಿಲ್ಲವೆಂದರು. ತಾವೊಬ್ಬರು ಮಾತ್ರ "ಮಕ್ಕಳ ಕಾರ್ಯಕ್ರಮ ಅಲ್ಲನಾ, ಬತ್ತೀನಿ" ಎಂದು ಪೆಟ್ಟಿಗೆಗಳನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಬಂದಿರಿ. ಆ ಉಪಕಾರವನ್ನು ಮೂರು ತಾಲ್ಲೂಕುಗಳು ಎಂದಿಗೂ ಮರೆಯಲಾರವು. ಆ ಸಂಜೆ ತಾವು ಹಾಕಿದ ಎಕೋವನ್ನಂತೂ ಮರೆಯಬೇಕೆಂದರೂ ಸಾಧ್ಯವಿಲ್ಲ. ಎಂಥ ಔದಾರ್ಯ ಅದು! ವಂದನಾ ಒಂದು ಪದ ಕೊಟ್ಟರೆ ತಾವು ಅದನ್ನು ಕೈತುಂಬ ಮಾಡಿ ಜನರಿಗೆ ಹಂಚಿದಿರಿ. ಮೊದಲ ಹಾಡಿನ ಕೊನೆಯ ಸಾಲು ಎರಡನೇ ಹಾಡಿನ ಮೊದಲ ಸಾಲಿನ ಜೊತೆ ಸಭಾಂಗಣದ ಮಧ್ಯೆ ಭೇಟಿಯಾಗಿ ಕುಶಲ ವಿಚಾರಿಸಿತು. ಹಾಡು ಶುರುವಾಗುವ ಮುನ್ನ ಡ್ರಮ್ಮಿನ ಹುಡುಗ ಪ್ರಜ್ವಲ್ ಕೆಮ್ಮಿದ್ದು ಕಾರ್ಯಕ್ರಮ ಮುಗಿದ ಮೇಲೂ ಮೆಟ್ಟಿಲ ಬಳಿ ಕೇಳಿಸುತ್ತಿತ್ತೆಂದು ಹೇಳುವವರಿದ್ದಾರೆ. ವಂದನಾ ವೇದಿಕೆಯಿಂದಿಳಿದು ಬಂದು, "ಸೀತಾರಾಮಣ್ಣ, ಎಕೋ ಸ್ವಲ್ಪ ಕಮ್ಮಿ ಮಾಡ್ತೀರಾ?" ಎಂದಾಗ ತಾವು ಪ್ರಸನ್ನವದನರಾಗಿ ಅದನ್ನು ಇನ್ನಷ್ಟು ಏರಿಸಿದಿರಿ. ಮತ್ತೆ ಕೇಳಿದಾಗ, "ಎಕೋ ಇಲ್ದೆ ಹೋದ್ರೆ ಮೈಕ್ ಎಂತಕ್ಕೆ? ಬಾಯೇ ಸಾಕಲ್ಲ?" ಎಂದಿರಿ. ಲೆಕ್ಕ ಪಾಠ ಮಾಡುವವಳು ವೇದಿಕೆಗೆ ಮರಳಿ ಗಿಟಾರು ಎತ್ತಿಕೊಂಡಳು.

ಆದರೆ ಮಾನ್ಯರೇ, "ನೀ ಬರಲಿಲ್ಲ" ಎಂಬ ಪದಗಳು ತಮ್ಮ ಯಂತ್ರದೊಳಗೆ ಹೋಗಿ ಹೊರಗೆ ಬರುವಾಗ "ಬರಲಿಲ್ಲ, ಲಿಲ್ಲ, ಲಿಲ್ಲ, ಲೀಲ, ಲೀಲಾ" ಎಂದಾಗಿದ್ದವು. ಜನ ಮನೆಗೆ ಹೋಗುವಾಗ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಯಾವ ಲೀಲಾ? ಎಲ್ಲಿಗೆ ಬರಲಿಲ್ಲ?

ಸಾಗರದ ಸೊಸೈಟಿಯೊಂದರಲ್ಲಿ ಕೆಲಸ ಮಾಡುವ ಲೀಲಾ ಎಂಬವರ ಯಜಮಾನರು, ಹೈಸ್ಕೂಲು ಮೇಷ್ಟರಾದ ಮಹಾಗಣಪತಿಯವರು, ಈ ಪ್ರಶ್ನೆಯನ್ನು ಮನೆಗೇ ತೆಗೆದುಕೊಂಡು ಹೋಗಿ, ತಮ್ಮ ಮನೆಮಾತಾದ ಹವಿಗನ್ನಡದಲ್ಲಿ, "ನೀನು ಯಾವ ಬಸ್ಸಿಗೆ ಬತ್ತಿ ಹೇಳಿದ್ದೆ?" ಎಂದು ಕೇಳಿದರಂತೆ. ಲೀಲಾ ಅವರು, "ಬಸ್ಸಿಗಾ? ಆನು ಸ್ಕೂಟಿ ತಗಂಡ ಮೇಲೆ ಬಸ್ಸು ಹತ್ತಿದ್ದೇ ಇಲ್ಲೆ" ಎಂದು ಉತ್ತರಿಸಿ ನೆಮ್ಮದಿಯಾಗಿ ಮಲಗಿದರು. ಮೇಷ್ಟರಿಗೆ ನಿದ್ದೆ ಬರಲಿಲ್ಲ. ಮರುದಿನವೇ ವಂದನಾಳನ್ನು ಕಂಡು, ಮುಂದಿನ ಕಾರ್ಯಕ್ರಮದಲ್ಲಿ ಸಾರ್ವಜನಿಕವಾಗಿ ಸ್ಪಷ್ಟೀಕರಣ ಕೊಡಲೇಬೇಕೆಂದು ಪಟ್ಟು ಹಿಡಿದರು. ಮುಂದಿನ ಕಾರ್ಯಕ್ರಮ ನಮ್ಮ ಹೊಸನಗರದ ಸಮುದಾಯ ಭವನದಲ್ಲಿ. ಮೈಕ್‌ಸೆಟ್ ತಮ್ಮದೇ. ಪ್ರಜ್ವಲ್ ಎದ್ದು ನಿಂತು, ಶಾಲೆಯಲ್ಲಿ ಪ್ರತಿಜ್ಞೆ ಓದುವವನ ಹಾಗೆ, "ನಮ್ಮ ಹಾಡಿನಲ್ಲಿ ಲೀಲಾ ಇಲ್ಲ. ಇನ್ನು ಮುಂದೆಯೂ ಇಲ್ಲ" ಎಂದು ಘೋಷಿಸಿದ.

ಭವನದ ಒಳಗಿದ್ದವರಿಗೆ ವಿಷಯ ಹೇಗೋ ತಿಳಿಯಿತು. ಹೊರಗೆ ರಸ್ತೆಯಲ್ಲಿದ್ದವರಿಗೆ ತಲುಪಿದ್ದು "ಲೀಲಾ, ಇನ್ನು, ಇಲ್ಲ, ಇಲ್ಲ, ಇಲ್ಲ" ಎಂಬುದು ಮಾತ್ರ. ಊರಲ್ಲಿ ಯಾರಾದರೂ ತೀರಿಕೊಂಡಾಗ ಆಟೋದಲ್ಲಿ ಮೈಕು ಕಟ್ಟಿ ಸುದ್ದಿ ಹೇಳುವುದೂ ತಮ್ಮ ಇದೇ ಸೆಟ್ಟಿನಿಂದ, ಇದೇ ಗಾಂಭೀರ್ಯದಿಂದಲೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಯಾವ ಲೀಲಾ ಎಂಬುದು ಮೇಷ್ಟರ ಪಟ್ಟಿನಿಂದ ಮೊದಲೇ ಊರಿಗೆಲ್ಲ ತಿಳಿದಿದ್ದರಿಂದ ಬೆಳಗಾಗುವುದರೊಳಗೆ ಸುದ್ದಿ ಸಾಗರ ಮುಟ್ಟಿತ್ತು. ಲೀಲಾ ಅವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಾಗಿಲು ತೆಗೆದಾಗ ಅಂಗಳದ ತುಂಬ ಬಿಳಿ ಪಂಚೆಯ ನೆಂಟರು ನಿಂತಿದ್ದರು. "ಆನು ಇಲ್ಲೇ ಇದ್ದಿ, ಯಂಗೆ ಎಂತದೂ ಆಜಿಲ್ಲೆ. ಒಳಗೆ ಬನ್ನಿ, ಚಾ ಕುಡ್ದು ಹೋಗಿ" ಎಂದರು. ಎಲ್ಲರೂ ಚಹಾ ಕುಡಿದರು. ತಾಳಗುಪ್ಪದಿಂದ ಬಂದಿದ್ದ ಅವರ ಚಿಕ್ಕಮ್ಮ ಯಮುನಮ್ಮನವರು ಮಾತ್ರ ಲೋಟ ಪಕ್ಕಕ್ಕಿಟ್ಟು, "ಅಳಲೆ ಹೇಳೇ ಬಂದಿದ್ದಿ, ಒಂಚೂರು ಅತ್ಕಂಡೇ ಹೋಗ್ತಿ" ಎಂದು ಲೀಲಾ ಅವರನ್ನೇ ಎದುರಿಗೆ ಕೂರಿಸಿಕೊಂಡು ಅವರ ಗುಣಗಾನ ಮಾಡುತ್ತ ಅತ್ತರು. ತಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಬದುಕಿರುವಾಗಲೇ ಕೇಳಿಸಿಕೊಂಡ ಲೀಲಾ ಅವರು ಅಂದೇ ನಮ್ಮ ಅಭಿಮಾನಿ ಸಂಘದ ಸದಸ್ಯರಾದರು. ಇದೊಂದು ಲಾಭವನ್ನು ತಮ್ಮ ಖಾತೆಗೆ ಬರೆಯಲೇಬೇಕು.

ಆದರೆ ವಂದನಾ ನಗಲಿಲ್ಲ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, "ನಾನು ಬರೆದಿದ್ದು ಒಂದು, ಜನ ಅತ್ತಿದ್ದು ಇನ್ನೊಂದಕ್ಕೆ. ಮುಂದಿನ ಕಾರ್ಯಕ್ರಮ ನಿಟ್ಟೂರಲ್ಲಿ. ಅಲ್ಲಿ ಒಂದೇ ಒಂದ್ಸಲ ಹಾಡು ಸರಿಯಾಗಿ ಕೇಳ್ಬೇಕು ಅಕ್ಕಾ. ಇಲ್ಲ ಅಂದ್ರೆ ಗಿಟಾರು ಮಾರಿ ಸುಮ್ನಿರ್ತೀನಿ" ಎಂದಳು. ಅವಳು ತಮಾಷೆ ಮಾಡುವವಳಲ್ಲ. 'ಕೋರಿಕೆ ನಿಲುಗಡೆ' ನಿಂತುಹೋದರೆ ಉಳಿದೆರಡು ತಂಡಗಳು ಮಾತ್ರ ಸೇರಿ ಕಾರ್ಯಕ್ರಮ ಮಾಡುವಷ್ಟು ಹಾಡುಗಳು ಅವರ ಬಳಿ ಇಲ್ಲ. ನನ್ನ ಜೀವನದಲ್ಲಿ ತಹಶೀಲ್ದಾರರ ಸಹಿಯ ಹೊರತಾಗಿ ನಾನು ಎದುರು ನೋಡುತ್ತಿದ್ದ ಏಕೈಕ ಸಂಗತಿ ಅಲ್ಲಿಗೆ ಮುಗಿದಂತೆ. ಆದ್ದರಿಂದ ನಾನು ತಮ್ಮ ವಿರುದ್ಧ ಮೊದಲ ದೂರನ್ನು ಟೈಪ್ ಮಾಡಿ, ಎಕೋ ಎಂಬ ಗುಂಡಿಯನ್ನು ಶಾಶ್ವತವಾಗಿ ಕಿತ್ತುಹಾಕುವಂತೆ ಕೋರಿ, ಅದನ್ನು ಖುದ್ದಾಗಿ ತಮ್ಮ ಅಂಗಡಿಗೆ ತಂದೆ.

ತಾವು ಸ್ಪೀಕರೊಂದನ್ನು ಬಿಚ್ಚಿಕೊಂಡು ಕೂತಿದ್ದಿರಿ. ನಾನು, "ಅಣ್ಣಾ, ಎಕೋ ಬಗ್ಗೆ ಮಾತಾಡ್ಬೇಕಿತ್ತು" ಎಂದೆ. "ಹಾಂ?" ಎಂದಿರಿ. ಮತ್ತೆ ಹೇಳಿದೆ. "ಹಾಂ?" ಎಂದಿರಿ. ಮೂರನೆಯ ಸಲ ಹೇಳಿದಾಗ ತಲೆಯೆತ್ತಿ, "ಎಕೋನಾ? ಎಂತಾತು?" ಎಂದಿರಿ. ಅಲ್ಲಿಯವರೆಗೆ ಅದನ್ನು ಹಿರಿಯರ ಗತ್ತೆಂದು ತಿಳಿದಿದ್ದ ನನಗೆ ಕೈಯಲ್ಲಿದ್ದ ಕಾಗದ ಇದ್ದಕ್ಕಿದ್ದಂತೆ ಭಾರವೆನಿಸಿತು. "ಅಣ್ಣಾ, ನಿಮಗೆ ಕಿವಿ ಕೇಳ್ಸಲ್ವಾ?" ಎಂದು ಕೂಗಿ ಕೇಳಿದೆ. ತಾವು ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದ ಮಾತು ಇದು: "ಸ್ಪೀಕರ್ ಪಕ್ಕ ಕೂತು ಕೂತು ಹೋತು. ಮೊದಲ್ನೇ ಸಲಕ್ಕೆ ಬರೀ ಸದ್ದು ಬತ್ತದೆ. ಎರಡ್ನೇ ಸಲಕ್ಕೆ ಮಾತು ಬತ್ತದೆ. ಮೂರ್ನೇ ಸಲ ಬಂದಾಗ ಏನಂದ್ರು ಅಂತ ಗೊತ್ತಾಗದು. ಅದ್ಕೇ ಎಕೋ ಇಟ್ಕಂಡಿದೀನಿ. ಜನಕ್ಕಲ್ಲ, ನಂಗೆ."

ಆಮೇಲೆ ತಾವು ನಮ್ಮ ಮಕ್ಕಳ ಹಾಡುಗಳೆಲ್ಲ ಬಾಯಿಪಾಠ ಬರುತ್ತವೆಂದು ಹೇಳಿ, ಆ ಬಸ್ಸಿನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನನ್ನೆದುರು ಹಾಡಿದಿರಿ. ತಮ್ಮ ಹಾಡಿನಲ್ಲಿ ಲೀಲಾ ಇದ್ದಳು. ಬಸ್ಸು ಬಂದಾಗಲೂ ಇದ್ದಳು, ಹೋದಾಗಲೂ ಇದ್ದಳು, ಪ್ರತಿ ಸಾಲಿನ ಕೊನೆಗೂ ಬಂದು ನಿಲ್ಲುತ್ತಿದ್ದಳು. ಹಾಡಿ ಮುಗಿಸಿ ತಾವು, "ಹೌದನಾ ಪ್ರತಿಮಾ, ಆ ಹುಡುಗಿ ಕೊನಿಗಾದ್ರೂ ಬಂತಾ?" ಎಂದು ಕೇಳಿದಿರಿ. ನಾನು ಕಾಗದವನ್ನು ಮಡಿಸಿ ಬ್ಯಾಗಿನೊಳಗೆ ಹಾಕಿಕೊಂಡೆ. ಟೈಪ್ ಮಾಡಿದ ದೂರನ್ನು ಸಲ್ಲಿಸದೆ ಹಿಂದಕ್ಕೆ ತಂದದ್ದು ನನ್ನ ಅಂಗಡಿಯ ಇತಿಹಾಸದಲ್ಲೇ ಇಲ್ಲ.

ಗುಂಡಿಯನ್ನು ಕೀಳಲಾಗದಿದ್ದರೆ ಕಿವಿಯನ್ನಾದರೂ ಸರಿಪಡಿಸೋಣವೆಂದು ನಾನು ತಮ್ಮನ್ನು ಕಿವಿ ತಪಾಸಣೆಯ ಶಿಬಿರಕ್ಕೆ ಕರೆದುಕೊಂಡು ಹೋದೆ. ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಎಷ್ಟು ಚೆನ್ನಾಗಿ ಟೈಪ್ ಮಾಡಿದೆನೆಂದರೆ ಒಂದು ಕಿವಿಗೆ ಕೇಳಿದ್ದಕ್ಕೆ ಎರಡಕ್ಕೂ ಯಂತ್ರ ಮಂಜೂರಾಯಿತು. ಅದನ್ನು ಹಾಕಿಕೊಂಡ ತಕ್ಷಣ ತಾವು ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು, "ನೀನೆಂತಕ್ಕೆ ಹಂಗೆ ಕೂಗ್ತೀಯೆ?" ಎಂಬುದು. ಮನೆಯಲ್ಲಿ ದುರ್ಗಮ್ಮನವರು ನನ್ನ ಮೇಲೆ ಬೇರೆಯೇ ದೂರು ಹೊತ್ತುಕೊಂಡು ಕಾದಿದ್ದರು. "ಇಷ್ಟ್ ವರ್ಷ ಅಡಿಗೆಮನೇಲಿ ಬಾಯಿಗೆ ಬಂದಿದ್ದು ಬೈಕಂಡು ಹಗುರಾಗ್ತಿದ್ದೆ. ಈಗ ಒಲೆ ಹತ್ರ ಗೊಣಗಿದ್ರೂ ಜಗಲಿಯಿಂದ ಉತ್ತರ ಬತ್ತದೆ. ನಿಂಗೆ ಪುಣ್ಯ ಬರಲ್ಲ ಕಣೆ" ಎಂದರು. ಅವರ ದೂರನ್ನೂ ಟೈಪ್ ಮಾಡಿ ಇಟ್ಟಿದ್ದೇನೆ. ಯಾರಿಗೆ ಕಳಿಸಬೇಕೆಂದು ಗೊತ್ತಾಗಿಲ್ಲ.

ನಿಟ್ಟೂರಿನ ಶಾಲೆಯ ಬಯಲು ವೇದಿಕೆಯಲ್ಲಿ ಆ ಸಂಜೆ ತಾವೇ ಎಕೋದ ಗುಂಡಿಯನ್ನು ಪೂರ್ತಿ ಇಳಿಸಿ, "ಇನ್ನೆಂತಕ್ಕೆ ಇದು?" ಎಂದು ಹೆಮ್ಮೆಯಿಂದ ಕೂತಾಗ ನನ್ನಷ್ಟು ಸುಖಿ ಮೂರು ತಾಲ್ಲೂಕುಗಳಲ್ಲಿ ಇರಲಿಲ್ಲ. 'ಸಿಂಗಲ್ ಫೇಸ್' ಹಾಡಿತು, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸಿತು. 'ತೊಡೆದೇವು' ಹಾಡಿತು, ಮುಗಿಯಿತು. ಆಮೇಲೆ ವಂದನಾ ಬಂದು ಆ ಬಸ್ಸಿನ ಹಾಡು ಎತ್ತಿಕೊಂಡಳು. ತಾವು ಮೊದಲ ಸಾಲಿಗೆ ತಲೆದೂಗಿದಿರಿ. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದಿರಿ. ಪಲ್ಲವಿ ಎರಡನೇ ಸಲ ಬಂದಾಗ ಕೈಯೆತ್ತಿ, ಮಾನ್ಯರೇ, ಮಿಕ್ಸರನ್ನೇ ಆರಿಸಿಬಿಟ್ಟಿರಿ.

ತಾವು ಎದ್ದು ವೇದಿಕೆಯ ಬಳಿಗೆ ನಡೆದು ಕೇಳಿದಿರಿ: "ಲೀಲಾ ಎಲ್ಲಿ?"

"ಲೀಲಾ ಇಲ್ಲ ಸೀತಾರಾಮಣ್ಣ," ಎಂದಳು ವಂದನಾ. "ಯಾವತ್ತೂ ಇರ್ಲಿಲ್ಲ."

"ಹಂಗಾರೆ ಇಷ್ಟ್ ದಿನ ನಂಗೆ ಕೇಳಿದ್ದು?"

"ಅದು ನಿಮ್ಮ ಎಕೋ."

ಮುಂದಿನ ಸಾಲಿನಲ್ಲಿ ಕೂತಿದ್ದ ಸಾಗರದ ಲೀಲಾ ಅವರು ಎದ್ದು ನಿಂತು, "ಆನು ಬಂದಿದ್ದಿ!" ಎಂದು ಕೈಬೀಸಿದರು. ತಾವು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವಲ್ಲಮ್ಮ" ಎಂದು ಹೇಳಿ ವೈರು ಸುತ್ತತೊಡಗಿದಿರಿ. ಮಹಾಗಣಪತಿ ಮೇಷ್ಟರಿಗೆ ಅಂದು ಆದಷ್ಟು ಸಮಾಧಾನ ಯಾವ ಸ್ಪಷ್ಟೀಕರಣದಿಂದಲೂ ಆಗಿರಲಿಲ್ಲ. ನಮಗೆ ಮಾತ್ರ ನೋಡುನೋಡುತ್ತಿದ್ದಂತೆ ಕಾರ್ಯಕ್ರಮ ಗೂಡ್ಸ್ ಆಟೋ ಹತ್ತಿ ಹೊಸನಗರದ ಕಡೆ ಹೊರಟುಹೋಯಿತು. ಎಕೋ ಇದ್ದಾಗ ತಾವು ನಮ್ಮ ಅತಿ ದೊಡ್ಡ ಪೀಡೆಯಾಗಿದ್ದಿರಿ. ಎಕೋ ಹೋದ ಮೊದಲ ದಿನವೇ ನಮ್ಮ ಅತಿ ದೊಡ್ಡ ವಿಮರ್ಶಕರಾದಿರಿ. ಇಷ್ಟು ಬೇಗ ಬಡ್ತಿ ಪಡೆದವರನ್ನು ನಾನು ಎದುರಿನ ಕಚೇರಿಯಲ್ಲೂ ಕಂಡಿಲ್ಲ.

ವಂದನಾ ಕೆಲವು ದಿನ ಕಾಲೇಜಿನಿಂದ ನೇರ ಬಸ್‌ಸ್ಟ್ಯಾಂಡಿಗೆ ಹೋದಳು, ನನ್ನ ಅಂಗಡಿಗೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಪಾಠ ಮುಗಿಸಿ ನೇರವಾಗಿ ತಮ್ಮ ಅಂಗಡಿಗೆ ಹೋಗಿ, ಹಾಡಿನಲ್ಲಿ ತಪ್ಪೇನೆಂದು ಕೇಳಿದಳಂತೆ. ತಾವು ಅವಳಿಗೆ ಕೂರಲು ಪೆಟ್ಟಿಗೆ ಸರಿಸಿಕೊಟ್ಟು, "ಮೊದ್ಲು ಆ ಹಾಡಲ್ಲಿ ಒಂದು ಹೆಣ್ಣಿತ್ತು ಕಣೆ. ಬರದೆ ಇದ್ರೂ ಇತ್ತು. ಈಗ ಸರಿಯಾಗಿ ಕೇಳಿದ್ರೆ ಬರೀ ಬಸ್ಸದೆ" ಎಂದಿರಂತೆ. ಅವಳು ಅಲ್ಲಿಂದ ನನ್ನ ಅಂಗಡಿಗೆ ಬರುವಾಗ ಸಿಟ್ಟಿನಿಂದ ಕೆಂಪಾಗಿದ್ದಳು. "ಅವರಿಗೆಂತ ಗೊತ್ತು ಅಕ್ಕಾ? ಮೊನ್ನೆ ತನಕ ಕಿವಿನೇ ಕೇಳ್ತಿರ್ಲಿಲ್ಲ!" ಎಂದಳು. ನಾನು ಚಹಾ ತರಿಸಿದೆ. ಚಹಾ ಪೂರ್ತಿ ಆರಿತು, ಅವಳು ಮುಟ್ಟಲಿಲ್ಲ. ಕೊನೆಗೆ ಮೆಲ್ಲಗೆ, "ನಿಜ ಅಕ್ಕಾ. ಆ ಹಾಡಲ್ಲಿ ಯಾರೂ ಇಲ್ಲ. ನಾನು ಬಸ್‌ಸ್ಟ್ಯಾಂಡಲ್ಲಿ ಯಾವ ಹುಡುಗನಿಗೂ ಕಾದಿದ್ದೇ ಇಲ್ಲ. ಹಾಡು ಅಂದ್ರೆ ಹಾಗಿರ್ಬೇಕು ಅಂತ ಬರೆದಿದ್ದು" ಎಂದಳು.

ನಿಜವಾಗಿ ಯಾರಿಗಾದರೂ ಕಾದಿದ್ದೀಯಾ ಎಂದು ಕೇಳಿದೆ. ಸಿಂಚನಾಳ ಹೆಸರನ್ನು ನಾನು ಕೇಳಿದ್ದು ಆಗಲೇ. ವಂದನಾಳ ಜೊತೆ ಶಾಲೆಯಿಂದಲೂ ಹಾಡುತ್ತಿದ್ದವಳು, 'ಕೋರಿಕೆ ನಿಲುಗಡೆ' ಎಂಬ ಹೆಸರನ್ನಿಟ್ಟವಳು, ಎರಡನೇ ದನಿ ಅವಳದ್ದೇ ಆಗಬೇಕಿತ್ತಂತೆ. ಒಂದು ಭಾನುವಾರ ಅವಳು ಅಭ್ಯಾಸಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಜಗಳವಾಗಿರಲಿಲ್ಲ, ಕಾಯಿಲೆಯಿರಲಿಲ್ಲ, ಫೋನು ಮಾಡಿದರೆ "ಬರ್ತೀನಿ ಕಣೆ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಬರುವುದು ನಿಂತುಹೋಯಿತು. ವಂದನಾ ಬಹಳ ಸಮಯದವರೆಗೆ ಅವಳ ಮೈಕನ್ನೂ ಜೋಡಿಸಿಟ್ಟೇ ಅಭ್ಯಾಸ ಶುರು ಮಾಡುತ್ತಿದ್ದಳಂತೆ. "ಇದನ್ನ ಹಾಡಲ್ಲಿ ಹಾಕ್ಬಹುದು ಅಂತಾನೇ ಗೊತ್ತಿರ್ಲಿಲ್ಲ" ಎಂದಳು.

ಮುಂದಿನದಕ್ಕೆ ತಾವೇ ಸಾಕ್ಷಿ. ವಂದನಾ ಹೊಸ ಹಾಡು ಬರೆದು, ಅದನ್ನು ಮೊದಲು ಸೀತಾರಾಮಣ್ಣನಿಗೇ ಕೇಳಿಸಬೇಕೆಂದು ಹಠ ಹಿಡಿದಳು. ನಾನು ತಮ್ಮನ್ನು ಆಧಾರ್ ಕಾರ್ಡಿನ ನೆಪ ಹೇಳಿ ಅಂಗಡಿಗೆ ಕರೆಸಿ, ಜೆರಾಕ್ಸ್ ಯಂತ್ರ, ಫ್ಯಾನು ಎರಡನ್ನೂ ಆರಿಸಿ, ಅರ್ಧ ಬಾಗಿಲು ಹಾಕಿದೆ. ಅವಳು ಸ್ಟೂಲಿನ ಮೇಲೆ ಕೂತು, ವೈರಿಲ್ಲದ ಗಿಟಾರು ಹಿಡಿದು, ಮೈಕಿಲ್ಲದೆ ಹಾಡಿದಳು. ಧಾಟಿ ಮೊದಲಿನಷ್ಟೇ ಖುಷಿಯದು, ಕಾಲು ತಾನಾಗಿಯೇ ತಾಳ ಹಾಕುವಂಥದ್ದು. ಆದರೆ ಈಗ ಅದರೊಳಗೆ ಸಿಂಚನಾ ಇದ್ದಳು, ಅವಳ ಖಾಲಿ ಮೈಕಿತ್ತು, "ಬರ್ತೀನಿ ಕಣೆ" ಎನ್ನುವ ಅವಳ ದನಿಯಿತ್ತು. ಬಸ್ಸು ಎಲ್ಲೂ ಇರಲಿಲ್ಲ. ಮುಗಿದಾಗ ತಾವು, "ಇನ್ನೊಂದ್ಸಲ ಹಾಡು" ಎಂದಿರಿ. ಅವಳು ಇನ್ನೊಮ್ಮೆ ಹಾಡಿದಳು.

ಆಗ ತಾವು ಮಾಡಿದ್ದೇನು? ಎರಡೂ ಕಿವಿಗಳ ಯಂತ್ರಗಳನ್ನು ನಿಧಾನವಾಗಿ ತೆಗೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡು, "ಮನಿಗೆ ಬೆಳ್ಳುಳ್ಳಿ ತಗಂಡು ಹೋಗ್ಬೇಕು" ಎಂದು ಎದ್ದು ಹೊರಟುಹೋದಿರಿ!

ನನ್ನ ದೂರು ಇದು, ಮಾನ್ಯರೇ. ಇದಕ್ಕೆ ಮುಂಚಿನದೆಲ್ಲ ಪೀಠಿಕೆ. ಒಬ್ಬ ಹುಡುಗಿ ತನ್ನ ಮನಸ್ಸನ್ನು ತೆಗೆದು ತಮ್ಮ ಎದುರಿಗಿಟ್ಟರೆ ಅದಕ್ಕೆ ಬೆಳ್ಳುಳ್ಳಿ ಎಂಬುದು ಯಾವ ಸೀಮೆಯ ಉತ್ತರ? ವಂದನಾ, ಹಾಡು ಸಹಿಸಲಾಗದೆ ತಾವು ಯಂತ್ರ ತೆಗೆದಿರಬೇಕೆಂದು ತಿಳಿದು ಕುಗ್ಗಿಹೋಗಿದ್ದಾಳೆ. ನಾನು ಹಾಗೆ ತಿಳಿದಿಲ್ಲ. ಏಕೆಂದರೆ ಮರುದಿನ ದುರ್ಗಮ್ಮನವರು ಅಂಗಡಿಗೆ ಬಂದು, "ಎಂತ ಮಾಡಿದ್ಯೆ ನಮ್ಮವರಿಗೆ? ನಿನ್ನೆ ಮನಿಗೆ ಬಂದವ್ರು ಕಿವಿಗೆ ಅದನ್ನ ಹಾಕ್ಕಳ್ಳೇ ಇಲ್ಲ. ಕರೆದ್ರೆ, ಇವತ್ತು ಮತ್ತೆಂತದೂ ಕೇಳದು ಬೇಡ ಅಂತ ಕೈ ಮಾಡಿದ್ರು. ಬೆಳ್ಳುಳ್ಳಿನೂ ತರ್ಲಿಲ್ಲ" ಎಂದರು. ಬೆಳ್ಳುಳ್ಳಿ ತರದೆ ಹೋದದ್ದನ್ನು ನಾನು ಮೆಚ್ಚುಗೆಯೆಂದು ಓದಿಕೊಂಡಿದ್ದೇನೆ. ಆದರೆ ನನ್ನ ಓದು ಸಾಲದು. ಅಭಿಪ್ರಾಯ ಕೇಳಿದಾಗಲೆಲ್ಲ ತಾವು "ನೋಡಣ" ಎನ್ನುತ್ತಿದ್ದೀರಿ. ಎದುರಿನ ಕಚೇರಿಯವರು ದಶಕಗಳಿಂದ ಬಳಸಿ ಸವೆಸಿದ ಮಾತದು. ತಮ್ಮ ಬಾಯಿಗೆ ಒಪ್ಪುವುದಿಲ್ಲ.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಹಾಡು ಹಿಡಿಸಿತೋ ಇಲ್ಲವೋ ಎಂಬುದನ್ನು ವಂದನಾಳಿಗೆ ಅವಳ ಬಸ್ಸು ಹೊರಡುವ ಮುನ್ನ, ಅವಳಿಗೆ ಕೇಳಿಸುವಷ್ಟು ಜೋರಾಗಿ, ಬೇಕಿದ್ದರೆ ಎಕೋ ಹಾಕಿಯಾದರೂ ತಿಳಿಸತಕ್ಕದ್ದು. ತೀರ್ಥಹಳ್ಳಿಯ ಕಾರ್ಯಕ್ರಮಕ್ಕೆ ಪೆಟ್ಟಿಗೆಗಳನ್ನು ತರತಕ್ಕದ್ದು. ಯಂತ್ರ ಹಾಕಿಕೊಂಡೇ ಬರಬೇಕು. 'ಸಿಂಗಲ್ ಫೇಸ್'ನವರು ಹೊಸದಾಗಿ ಕಲಿತ ಕೊಳಲನ್ನು ಊದುವಾಗ ಮಾತ್ರ ತೆಗೆದಿಡಲು ಅನುಮತಿಯಿದೆ, ಆಗ ಜೇಬಿನಲ್ಲಿ ಜಾಗವಿದ್ದರೆ ನನ್ನ ಕಿವಿಗಳನ್ನೂ ಇಟ್ಟುಕೊಳ್ಳತಕ್ಕದ್ದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಸಿಂಚನಾ ಎಂಬ ಹೆಸರಿನ ಹುಡುಗಿಯರು ಬೀದಿಗೊಬ್ಬರಂತೆ ಇರುವುದರಿಂದ, ಹಾಡಿನ ಮರುದಿನ ಅವರೆಲ್ಲರ ಅಂಗಳದಲ್ಲಿ ಜನ ಸೇರದಂತೆ ತಮ್ಮ ಗುಂಡಿಗಳನ್ನು ಹತೋಟಿಯಲ್ಲಿಡತಕ್ಕದ್ದು. ಮತ್ತು ಅವರಲ್ಲೊಬ್ಬಳು, ಯಾರೆಂದು ತಮಗೂ ನನಗೂ ಗೊತ್ತು, ಫೋಟೋವನ್ನು ವಂದನಾಳಿಂದ ಪಡೆದು ತೋರಿಸುತ್ತೇನೆ, ಅಂದು ಸಭೆಯ ಹಿಂದೆ ಎಲ್ಲಾದರೂ ನಿಂತಿರುವುದು ಕಂಡರೆ, ದಯವಿಟ್ಟು ಏನನ್ನೂ ಘೋಷಿಸದೆ, ಎರಡನೇ ಮೈಕನ್ನು ಸುಮ್ಮನೆ ಆನ್ ಮಾಡಿಡತಕ್ಕದ್ದು.

ಇತಿ, ಎರಡೂ ಕಿವಿಗಳಿಂದ

ತಮ್ಮ ವಿಶ್ವಾಸಿ,

ಪ್ರತಿಮಾ

ತಾ.ಕ.: ನಿಟ್ಟೂರಿನಲ್ಲಿ ಅಂದು ಸಿಟ್ಟಿನ ಭರದಲ್ಲಿ ತಾವು ಎಡಗಡೆಯ ಸ್ಪೀಕರ್ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದೀರಿ. ಅದರ ಹಿಂದಿನ ತೂತಿನಿಂದ ಒಳಗೆ ಹೋದ ಶಾಲೆಯ ಬೆಕ್ಕು ಅಲ್ಲೇ ಮರಿ ಹಾಕಿರುವುದರಿಂದ ಸದ್ಯಕ್ಕೆ ಹಿಂದಿರುಗಿಸಲಾಗುತ್ತಿಲ್ಲ. 'ಸಿಂಗಲ್ ಫೇಸ್' ಹುಡುಗರು ದಿನಾ ಸಂಜೆ ಅದರ ಪಕ್ಕದಲ್ಲೇ ಅಭ್ಯಾಸ ಮಾಡುತ್ತಾರೆ. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ, ಆದರೂ ಇವತ್ತಿನವರೆಗೆ ಅವುಗಳಲ್ಲಿ ಒಂದೂ ಹಾಡಿನ ಮಧ್ಯೆ ಎದ್ದು ಹೋಗಿಲ್ಲ.